ತಪಾಸಣೆ ಆಗಿತ್ತಲ್ಲ, ಮತ್ತೆ ಬಿದ್ದದ್ದು ಯಾಕೆ?

2024ರ ಸೆಪ್ಟೆಂಬರ್ 11, ಬೆಳಗಿನ ಜಾವ 3 ಗಂಟೆಯ ಹೊತ್ತು. ಜರ್ಮನಿಯ ಡ್ರೆಸ್ಡೆನ್ ನಗರದ ಕರೋಲಾ ಸೇತುವೆಯ ಸುಮಾರು 100 ಮೀಟರ್ ಭಾಗ ಎಲ್ಬ್ ನದಿಗೆ ಕುಸಿಯಿತು. ಕೆಲವೇ ನಿಮಿಷ ಮೊದಲು ಅದರ ಮೇಲೆ ಟ್ರಾಮ್ ದಾಟಿ ಹೋಗಿತ್ತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಕುಸಿತಕ್ಕಿಂತ ಜಾಸ್ತಿ ಗೊಂದಲ ಎಬ್ಬಿಸಿದ್ದು ಸುದ್ದಿಯ ಕೊನೆಯಲ್ಲಿದ್ದ ಒಂದು ಸಾಲು: ಈ ಸೇತುವೆಯ ತಪಾಸಣೆ ತಪ್ಪದೆ ನಡೆಯುತ್ತಿತ್ತು.

ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಸೇತುವೆ, ವಿಮಾನದ ಎಂಜಿನ್, ಅಣುಸ್ಥಾವರದ ಪೈಪು. ಪರೀಕ್ಷೆ ಮುಗಿದಿರುತ್ತದೆ, ರಿಪೋರ್ಟ್ ಫೈಲಿನಲ್ಲಿ ಇರುತ್ತದೆ, ಆಮೇಲೆ ಒಂದು ದಿನ ಬಿರುಕು. ಓದಿದವರಿಗೆ ಎರಡೇ ಅನುಮಾನ. ಯಾರೋ ನೋಡದೆ ಸಹಿ ಹಾಕಿದ್ದಾರೆ, ಇಲ್ಲವೇ ಆ ಮಷಿನ್‌ಗಳೇ ದಂಡ. ಕೆಲವು ಸಲ ಅದು ನಿಜವೂ ಹೌದು. ಆದರೆ ಬಹಳಷ್ಟು ಪ್ರಕರಣಗಳಲ್ಲಿ ಎಡವಟ್ಟು ಆಗಿರುವುದು ಇನ್ನೊಂದು ಕಡೆ. ಪರೀಕ್ಷೆ ಹೇಳಿದ್ದು ಸ್ವಲ್ಪ, ನಾವು ಕೇಳಿಸಿಕೊಂಡದ್ದು ಬಹಳ.

ಒಡೆಯದೆ ನೋಡುವ ಕಲೆ

ವಸ್ತುವನ್ನು ಕತ್ತರಿಸದೆ, ಮುರಿಯದೆ ಅದರ ಒಳಗಿನ ದೋಷ ಹುಡುಕುವುದಕ್ಕೆ ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್ ಎನ್ನುತ್ತಾರೆ. ಕೆಲಸದವರ ಬಾಯಲ್ಲಿ ಅದು ಎನ್‌ಡಿಟಿ. ಮಡಕೆ ತಟ್ಟಿ ಸದ್ದು ಕೇಳುವುದೂ ಇದೇ ಜಾತಿ. ರೈಲು ನಿಂತಾಗ ಸುತ್ತಿಗೆಯಿಂದ ಗಾಲಿ ತಟ್ಟುತ್ತಾ ಹೋಗುತ್ತಿದ್ದ ಕೆಲಸಗಾರರು ಮಾಡುತ್ತಿದ್ದದ್ದೂ ಇದನ್ನೇ. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್ಜೆನ್ ಕೈಯ ಮೂಳೆಗಳ ಚಿತ್ರ ತೆಗೆದದ್ದು ಎಲ್ಲರಿಗೂ ಗೊತ್ತು. ಅದೇ ಕಿರಣದಿಂದ ಅವರು ತಮ್ಮ ಬೇಟೆ ಬಂದೂಕಿನ ಚಿತ್ರವನ್ನೂ ತೆಗೆದಿದ್ದರು. ಅಂದರೆ ಎಕ್ಸ್-ರೇ ಆಸ್ಪತ್ರೆ ಸೇರಿದ ಕಾಲಕ್ಕೇ ಲೋಹದ ಒಳಗೂ ಇಣುಕಿತ್ತು.

ಈಗ ವಿಧಾನಗಳು ಹಲವು. ಬರಿಗಣ್ಣಿನ ತಪಾಸಣೆ, ಬಣ್ಣದ ದ್ರವ, ಅಯಸ್ಕಾಂತದ ಪುಡಿ, ಎಡ್ಡಿ ಕರೆಂಟ್, ಅಲ್ಟ್ರಾಸೌಂಡ್, ಎಕ್ಸ್-ರೇ. ಎಲ್ಲವನ್ನೂ ವಿವರಿಸುವ ಅಗತ್ಯ ಇಲ್ಲ. ಬಣ್ಣದ ಪರೀಕ್ಷೆಯೊಂದನ್ನು ಹತ್ತಿರದಿಂದ ನೋಡಿದರೆ ಸಾಕು, ಉಳಿದವುಗಳ ಕಷ್ಟವೂ ಅರ್ಥವಾಗುತ್ತದೆ.

ಮೊದಲು ಲೋಹದ ಮೇಲಿನ ಎಣ್ಣೆ, ಗ್ರೀಸ್, ಪೇಂಟ್ ಪೂರ್ತಿ ತೆಗೆಯಬೇಕು. ಆಮೇಲೆ ಕೆಂಪು ಬಣ್ಣದ ತೆಳು ದ್ರವ ಹಚ್ಚಿ 10 ನಿಮಿಷದಿಂದ ಅರ್ಧ ಗಂಟೆ ಬಿಡಬೇಕು. ಕೂದಲಿಗಿಂತ ಸಣ್ಣ ಬಿರುಕಾದರೂ ದ್ರವ ತಾನಾಗೇ ಒಳಗೆ ಇಳಿಯುತ್ತದೆ, ಬತ್ತಿ ಎಣ್ಣೆ ಹೀರಿಕೊಂಡ ಹಾಗೆ. ನಂತರ ಮೇಲೆ ಉಳಿದ ಬಣ್ಣ ಒರೆಸಿ ಬಿಳಿ ಪುಡಿಯ ತೆಳು ಪದರ ಸ್ಪ್ರೇ ಮಾಡುತ್ತಾರೆ. ಬಿರುಕಿನಲ್ಲಿ ಅಡಗಿದ್ದ ಬಣ್ಣವನ್ನು ಪುಡಿ ಹೊರಗೆ ಎಳೆದುಕೊಳ್ಳುತ್ತದೆ. ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಇಷ್ಟೇ ತಾನೇ, ಸುಲಭ ಅಲ್ವಾ? ಕೆಡುವುದು ಒರೆಸುವಾಗ. ಬಣ್ಣ ಕರಗಿಸುವ ದ್ರಾವಕವನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಅವಸರಕ್ಕೆ ಡಬ್ಬಿಯಿಂದ ನೇರವಾಗಿ ಲೋಹದ ಮೇಲೇ ಸ್ಪ್ರೇ ಮಾಡಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಪರೀಕ್ಷೆಗೆ ಮೊದಲು ಮೇಲ್ಮೈಯನ್ನು ಜೋರಾಗಿ ಗ್ರೈಂಡ್ ಮಾಡಿದ್ದರೆ ಮೆತ್ತನೆಯ ಲೋಹ ಸವರಿಕೊಂಡು ಬಿರುಕಿನ ಬಾಯಿಯೇ ಮುಚ್ಚಿಹೋಗುತ್ತದೆ, ಬಣ್ಣ ಒಳಗೆ ಇಳಿಯುವುದೇ ಇಲ್ಲ. ಎರಡೂ ಸಲ ರಿಪೋರ್ಟಿನಲ್ಲಿ ಬರೆಯುವುದು ಒಂದೇ ಮಾತು: ದೋಷ ಕಂಡುಬಂದಿಲ್ಲ. ಕಾಗದ ನೋಡಿದರೆ ಸರಿಯಾಗಿ ಮಾಡಿದ ಪರೀಕ್ಷೆ ಯಾವುದು, ಕೆಟ್ಟದಾಗಿ ಮಾಡಿದ್ದು ಯಾವುದು ಎಂದು ಗೊತ್ತಾಗುವುದೇ ಇಲ್ಲ. ಈ ವೃತ್ತಿಯ ಮುಖ್ಯ ತಲೆನೋವು ಇದೇ.

ರಿಪೋರ್ಟ್ ಹೇಳುವುದೆಷ್ಟು?

'ದೋಷ ಕಂಡುಬಂದಿಲ್ಲ' ಎಂಬುದಕ್ಕೆ ಪೂರ್ತಿ ಅರ್ಥ ಬೇಕಾದರೆ ಅದರ ಹಿಂದೆ ಇನ್ನಷ್ಟು ಸೇರಿಸಿ ಓದಬೇಕು. ಈ ವಿಧಾನದಲ್ಲಿ, ಈ ಜಾಗದಲ್ಲಿ, ಇಷ್ಟು ಗಾತ್ರಕ್ಕಿಂತ ದೊಡ್ಡ ದೋಷ, ಈ ದಿನ ಈ ವ್ಯಕ್ತಿಗೆ ಕಂಡುಬಂದಿಲ್ಲ.

ಗಾತ್ರದ ಮಾತು ಯಾಕೆ? ಅಲ್ಟ್ರಾಸೌಂಡ್ ತೆಗೆದುಕೊಳ್ಳಿ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 5 ಮೆಗಾಹರ್ಟ್ಸ್ ಪ್ರೋಬ್ (ಲೋಹದೊಳಗೆ ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಸಾಧನ) ಇಟ್ಟರೆ ಒಂದು ಅಲೆಯ ಉದ್ದ ಸುಮಾರು 1.2 ಮಿಲಿಮೀಟರ್. ಅದರ ಅರ್ಧಕ್ಕಿಂತ ಸಣ್ಣ ದೋಷದಿಂದ ಮರಳುವ ಪ್ರತಿಧ್ವನಿ ತೀರಾ ದುರ್ಬಲ. ಹಾಗಾದರೆ ಅಲೆ ಸಣ್ಣದು ಮಾಡಿದರಾಯಿತು ಅನ್ನಿಸಬಹುದು. ಮಾಡಬಹುದು, ಆದರೆ ಸಣ್ಣ ಅಲೆ ಲೋಹದ ಕಣಗಳಿಗೇ ಬಡಿದು ಚದುರಿಹೋಗುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಬಿರುಕು ಯಾವ ಕಡೆಗೆ ವಾಲಿದೆ ಎನ್ನುವುದೂ ಮುಖ್ಯ. ಅಲೆ ಅದಕ್ಕೆ ಎದುರಾಗಿ ಬಡಿದರೆ ಸ್ಕ್ರೀನಿನಲ್ಲಿ ಗೆರೆ ಎತ್ತರಕ್ಕೆ ಏಳುತ್ತದೆ. ಅಂಚಿನ ಮೇಲೆ ಹಾದುಹೋದರೆ ಏನೂ ಇಲ್ಲದ ಹಾಗೆ ಕಾಣುತ್ತದೆ.

ಆದ್ದರಿಂದ ಈ ಕ್ಷೇತ್ರದವರು ಲೆಕ್ಕ ಹಾಕುವುದು ಸಂಭವದ ಭಾಷೆಯಲ್ಲಿ. 100 ಬಿರುಕುಗಳಲ್ಲಿ 90 ಸಿಗುತ್ತವೆ ಎಂದು 95 ಶೇಕಡಾ ಭರವಸೆಯಿಂದ ಹೇಳಬಹುದಾದ ಗಾತ್ರ ಎಷ್ಟು ಎಂದು ಕೇಳುತ್ತಾರೆ. ನಮ್ಮ ಯಂತ್ರ ಇಷ್ಟು ಸಣ್ಣ ಬಿರುಕು ಹಿಡಿಯಿತು ಎಂದು ಮಾರಾಟಗಾರರು ಹೆಮ್ಮೆ ಪಡುತ್ತಾರೆ. ಎಂಜಿನಿಯರ್‌ಗೆ ಬೇಕಿರುವುದು ಕೈತಪ್ಪಿ ಹೋಗಬಹುದಾದ ಅತಿ ದೊಡ್ಡ ಬಿರುಕಿನ ಅಳತೆ.

ಈ ಪಾಠ ಸುಮ್ನೆ ಬಂದದ್ದಲ್ಲ. 1969ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್-111 ಯುದ್ಧವಿಮಾನದ ರೆಕ್ಕೆ ಹಾರಾಟದಲ್ಲೇ ಕಿತ್ತುಬಂತು. ವಿಮಾನ ಹಾರಿದ್ದು ಬರೀ 100 ಗಂಟೆ ಚಿಲ್ಲರೆ. ಉಕ್ಕಿನ ಭಾಗ ತಯಾರಾಗುವಾಗಲೇ ಇದ್ದ ಬಿರುಕು ತಪಾಸಣೆಯ ಕಣ್ಣು ತಪ್ಪಿಸಿತ್ತು. ಅಲ್ಲಿಂದ ವಿನ್ಯಾಸದ ಲೆಕ್ಕವೇ ತಿರುಗಿತು. ಬಿರುಕು ಇಲ್ಲ ಎಂದುಕೊಳ್ಳುವ ಬದಲು, ಕಣ್ಣಿಗೆ ಸಿಗದಷ್ಟು ಬಿರುಕು ಮೊದಲ ದಿನದಿಂದಲೇ ಇದೆ ಎಂದು ಇಟ್ಟುಕೊಂಡರು. ಅದು ಬೆಳೆದು ಅಪಾಯದ ಗಾತ್ರ ಮುಟ್ಟಲು ಎಷ್ಟು ಹಾರಾಟ ಬೇಕು? ಆ ಅವಧಿಯೊಳಗೆ ಕನಿಷ್ಠ ಎರಡು ಸಲವಾದರೂ ಅದು ಸಿಕ್ಕಿಬೀಳುವಂತೆ ತಪಾಸಣೆ ಇಡಬೇಕು. ಹೀಗಾಗಿ 'ವಿಮಾನದಲ್ಲಿ ಬಿರುಕು ಪತ್ತೆ' ಎಂಬ ತಲೆಬರಹ ನೋಡಿ ಬೆಚ್ಚಿಬೀಳಬೇಕಿಲ್ಲ. ಹಲವು ಸಲ ವ್ಯವಸ್ಥೆ ಲೆಕ್ಕದ ಪ್ರಕಾರವೇ ಕೆಲಸ ಮಾಡಿದೆ ಎಂದರ್ಥ.

ಕಣ್ಣೆದುರೇ ಇದ್ದರೂ

1989ರ ಜುಲೈ 19. ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಹಿಂಬದಿ ಎಂಜಿನ್‌ನ ಟೈಟಾನಿಯಂ ಚಕ್ರ ಆಕಾಶದಲ್ಲೇ ಸೀಳಿತು. ವಿಮಾನದಲ್ಲಿದ್ದ 296 ಮಂದಿಯಲ್ಲಿ 110ಕ್ಕೂ ಹೆಚ್ಚು ಜನ ಸತ್ತರು. ಆ ಚಕ್ರವನ್ನು 760 ಹಾರಾಟಗಳ ಹಿಂದೆ ಹೊಳೆಯುವ ಬಣ್ಣದ ದ್ರವದಿಂದ ಪರೀಕ್ಷಿಸಿದ್ದರು. ಆಗಲೇ ಬಿರುಕು ಸುಮಾರು ಅರ್ಧ ಇಂಚು ಉದ್ದ ಇತ್ತು ಎಂದು ತನಿಖೆ ಹೇಳಿತು. ಅಪಘಾತದ ನಂತರ ಸಿಕ್ಕ ತುಂಡಿನ ಬಿರುಕಿನ ಮುಖದಲ್ಲಿ ಪರೀಕ್ಷೆಯ ದ್ರವಕ್ಕೆ ಹೊಂದುವ ರಾಸಾಯನಿಕದ ಕುರುಹೂ ಸಿಕ್ಕಿತು. ಅಂದರೆ ದ್ರವ ತನ್ನ ಕೆಲಸ ಮಾಡಿತ್ತು, ಬಿರುಕಿನೊಳಗೆ ಇಳಿದಿತ್ತು. ಕಣ್ಣು ಅದನ್ನು ಹಿಡಿಯಲಿಲ್ಲ. ಪರೀಕ್ಷೆಯ ಹೊತ್ತಿಗೆ ಭಾರದ ಚಕ್ರವನ್ನು ನಡುವಿನ ತೂತಿನಲ್ಲಿ ಕೇಬಲ್ ತೂರಿಸಿ ನೇತುಹಾಕಿರುತ್ತಿದ್ದರು. ಬಿರುಕಿದ್ದದ್ದು ಆ ತೂತಿನ ಒಳಮೈಯಲ್ಲಿ. ಕೇಬಲ್ ಮರೆಮಾಡಿದ ಜಾಗ ಕಾಣುವಂತೆ ಚಕ್ರವನ್ನು ತಿರುಗಿಸದೇ ಇದ್ದಿರಬಹುದು ಎಂಬುದು ತನಿಖೆ ಮುಂದಿಟ್ಟ ಸಾಧ್ಯತೆಗಳಲ್ಲಿ ಒಂದು.

ಇದು ನಿರ್ಲಕ್ಷ್ಯವೋ, ಮನುಷ್ಯ ಸ್ವಭಾವವೋ? ಎರಡನ್ನೂ ಬಿಡಿಸುವುದು ಕಷ್ಟ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಚಿತ್ರಗಳಲ್ಲಿ ಅಡಗಿದ ವಸ್ತು ಹುಡುಕಲು ಜನರನ್ನು ಕೂರಿಸಿದ್ದರು. ಅರ್ಧದಷ್ಟು ಚಿತ್ರಗಳಲ್ಲಿ ವಸ್ತು ಇದ್ದಾಗ ಅವರು ತಪ್ಪಿಸಿಕೊಂಡದ್ದು ಸುಮಾರು 7 ಶೇಕಡಾ. 100ಕ್ಕೆ 1 ಚಿತ್ರದಲ್ಲಿ ಮಾತ್ರ ಇದ್ದಾಗ ಅದೇ ಜನ 30 ಶೇಕಡಾದಷ್ಟನ್ನು ಬಿಟ್ಟುಬಿಟ್ಟರು. ಅಪರೂಪಕ್ಕೆ ಸಿಗುವುದನ್ನು ಮನಸ್ಸು ಬೇಗ ಕೈಬಿಡುತ್ತದೆ. ಎನ್‌ಡಿಟಿ ತಂತ್ರಜ್ಞರ ದಿನಚರಿಯೇ ಅದು. ತಿಂಗಳುಗಟ್ಟಲೆ ನೋಡಿದರೂ ಏನೂ ಸಿಗುವುದಿಲ್ಲ. ಅದರ ಮೇಲೆ ಇಕ್ಕಟ್ಟು ಜಾಗ, ಸೆಖೆ, ರಾತ್ರಿ ಪಾಳಿ. ವಿಕಿರಣದಿಂದ ಬೇರೆಯವರನ್ನು ದೂರ ಇಡಬೇಕಾದ್ದರಿಂದ ಎಕ್ಸ್-ರೇ ಕೆಲಸ ಎಷ್ಟೋ ಸಲ ಎಲ್ಲರೂ ಮನೆಗೆ ಹೋದ ಮೇಲೇ ಶುರುವಾಗುತ್ತದೆ.

ಅಮೆರಿಕದ ಹೆದ್ದಾರಿ ಇಲಾಖೆ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 49 ಸೇತುವೆ ಇನ್‌ಸ್ಪೆಕ್ಟರ್‌ಗಳಿಗೆ ಒಂದೇ ಸೇತುವೆಗಳನ್ನು ತೋರಿಸಿದ್ದರು. ಅಂಕ ಕೊಡುವ ಪಟ್ಟಿ 0ಯಿಂದ 9. ಒಂದೊಂದು ಭಾಗಕ್ಕೂ ಸರಾಸರಿ ನಾಲ್ಕೈದು ಬೇರೆ ಬೇರೆ ಅಂಕಗಳು ಬಂದವು! ವೆಲ್ಡಿನ ಸಣ್ಣ ಬಿರುಕುಗಳಂತೂ ಬಹುಪಾಲು ಜನರಿಗೆ ಕಾಣಲೇ ಇಲ್ಲ.

2021ರ ಮೇ 11ರಂದು ಅಮೆರಿಕದ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ದೊಡ್ಡ ಸೇತುವೆಯನ್ನು ಇದ್ದಕ್ಕಿದ್ದಂತೆ ಮುಚ್ಚಿದರು. ಭಾರ ಹೊರುವ ಉಕ್ಕಿನ ತೊಲೆ ಹೆಚ್ಚುಕಡಿಮೆ ತುಂಡಾಗಿತ್ತು. ಆಮೇಲೆ ಹಳೆಯ ಡ್ರೋನ್ ವಿಡಿಯೊ ತೆಗೆದು ನೋಡಿದರೆ 2019ರಲ್ಲೇ ಬಿರುಕು ಕಾಣುತ್ತಿತ್ತು. ನದಿಯಲ್ಲಿ ದೋಣಿ ನಡೆಸುತ್ತಿದ್ದವರು 2016ರಲ್ಲಿ ತೆಗೆದ ಫೋಟೊದಲ್ಲೂ ಅದರ ಗುರುತಿತ್ತು. ಅದನ್ನು ನೋಡಬೇಕಿದ್ದ ನೌಕರನನ್ನು ಕೆಲಸದಿಂದ ತೆಗೆದರು. ಅಲ್ಲಿಗೆ ಮುಗಿಯಿತೇ? ತನಿಖೆ ಇನ್ನೂ ಹಿಂದಕ್ಕೆ ಹೋಯಿತು. 1970ರ ದಶಕದಲ್ಲಿ ತೊಲೆ ಬೆಸೆದಾಗಲೇ ವೆಲ್ಡಿನೊಳಗೆ ಹೈಡ್ರೋಜನ್‌ನಿಂದ ಬಿರುಕು ಹುಟ್ಟಿತ್ತು. ಕಾರ್ಖಾನೆಯ ಪರೀಕ್ಷೆ ಅದನ್ನು ಹಿಡಿದಿರಲಿಲ್ಲ. ಕೊನೆಯಲ್ಲಿ ನೋಡದವನು ಒಬ್ಬ. ಅವನಿಗಿಂತ ಮೊದಲು ಕೈಬಿಟ್ಟವರ ಸಾಲು ಉದ್ದ ಇತ್ತು.

ಸಂಶೋಧನೆ ಇಲ್ಲದಿದ್ದರೆ ಗರಗಸವೇ ಗತಿ

ಸಂಶೋಧನೆಗೆ ಯಾಕೆ ದುಡ್ಡು ಹಾಕಬೇಕು ಎಂದು ಕೇಳುವವರಿಗೆ ಫ್ರಾನ್ಸ್‌ನ ಉದಾಹರಣೆ ಚೆನ್ನಾಗಿದೆ. 2021ರ ಕೊನೆಯಲ್ಲಿ ಸಿವೊ ಅಣುಸ್ಥಾವರದ ತುರ್ತು ತಂಪುಗೊಳಿಸುವ ಪೈಪುಗಳ ಬೆಸುಗೆಯ ಹತ್ತಿರ ಅಲ್ಟ್ರಾಸೌಂಡ್ ಏನೋ ಹಿಡಿಯಿತು. ಹುಡುಕುತ್ತಿದ್ದದ್ದು ಬಿಸಿ-ತಂಪಿನ ಏರಿಳಿತದಿಂದ ಬರುವ ಬಿರುಕನ್ನು. ಸಿಕ್ಕಿದ್ದು ತುಕ್ಕು ಮತ್ತು ಎಳೆತ ಎರಡೂ ಸೇರಿ ಹುಟ್ಟಿಸುವ ಬಿರುಕು. ಆ ಪೈಪುಗಳಲ್ಲಿ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ತೊಡಕು ಶುರುವಾದದ್ದು ಅಲ್ಲಿಂದ. ಬಿರುಕು ಇದೆಯೋ ಇಲ್ಲವೋ ಎಂಬುದನ್ನು ಆಗಿನ ವಿಧಾನ ಸೂಚಿಸುತ್ತಿತ್ತು. ಎಷ್ಟು ಆಳ ಎಂದು ನಂಬುವ ಹಾಗೆ ಹೇಳುತ್ತಿರಲಿಲ್ಲ. ಒಂದು ಮಿಲಿಮೀಟರ್ ಆದರೆ ಓಡಿಸಬಹುದು, ಹತ್ತಾದರೆ ನಿಲ್ಲಿಸಬೇಕು. ತಿಳಿಯಲು ಇದ್ದ ದಾರಿ ಒಂದೇ: ಪೈಪು ಕೊಯ್ದು ಲ್ಯಾಬಿಗೆ ಒಯ್ಯುವುದು. ಒಡೆಯದೆ ಪರೀಕ್ಷಿಸುವ ವಿದ್ಯೆ ಒಡೆದು ನೋಡುವುದಕ್ಕೇ ಬಂದು ನಿಂತಿತು. ಹಳೆಯ ದಾಖಲೆಗಳನ್ನು ಮತ್ತೆ ಓದಿ, ಅನುಮಾನ ಬಂದ ರಿಯಾಕ್ಟರ್‌ಗಳನ್ನೆಲ್ಲ ನಿಲ್ಲಿಸಿದರು. 2022ರಲ್ಲಿ ಫ್ರಾನ್ಸ್‌ನ ಅಣುವಿದ್ಯುತ್ ಮೂರು ದಶಕಗಳಲ್ಲೇ ಕಡಿಮೆ ಮಟ್ಟಕ್ಕೆ, 279 ಟೆರಾವ್ಯಾಟ್ ಗಂಟೆಗೆ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇದು ದೊಡ್ಡ ಕಾರಣ. ಅದೇ ವರ್ಷ ಆಳ ಅಳೆಯಬಲ್ಲ ಸುಧಾರಿತ ಅಲ್ಟ್ರಾಸೌಂಡ್ ತಯಾರಾಯಿತು. ಅದಾದ ಮೇಲೆ ಎಲ್ಲವನ್ನೂ ಕೊಯ್ಯುವ ಅಗತ್ಯ ಉಳಿಯಲಿಲ್ಲ.

ಕತೆಗೆ ಇನ್ನೊಂದು ತಿರುವು ಇದೆ. 2023ರ ಮಾರ್ಚ್‌ನಲ್ಲಿ ಪೆನ್ಲಿ ಸ್ಥಾವರದ ಒಂದು ಬೆಸುಗೆಯಲ್ಲಿ 155 ಮಿಲಿಮೀಟರ್ ಉದ್ದದ ಬಿರುಕು ಸಿಕ್ಕಿತು. 27 ಮಿಲಿಮೀಟರ್ ದಪ್ಪದ ಪೈಪಿನಲ್ಲಿ ಅದರ ಆಳ 23. ಈ ಪೈಪಿನ ಸಾಲಿಗೆ ಅಪಾಯ ಕಡಿಮೆ ಎಂದೇ ಲೆಕ್ಕ ಹಾಕಿದ್ದರು. ಆದರೆ ಕಟ್ಟುವ ಕಾಲದಲ್ಲಿ ಆ ಬೆಸುಗೆಯನ್ನು ಎರಡು ಸಲ ರಿಪೇರಿ ಮಾಡಿದ್ದರು, ರಿಪೇರಿಯೇ ಒಳಗೆ ಎಳೆತ ಉಳಿಸಿತ್ತು. ಯಂತ್ರ ಎಷ್ಟು ಚೆನ್ನಾಗಿದ್ದರೂ ಎಲ್ಲಿ ಇಡಬೇಕು ಎಂದು ಹೇಳುವುದು ಹಳೆಯ ಕಾಗದಪತ್ರ.

ದುಡ್ಡು ಎಲ್ಲಿಗೆ ಹೋಗಬೇಕು?

ಇಲ್ಲಿ ಅಭಿಪ್ರಾಯಗಳು ಒಡೆಯುತ್ತವೆ. ಒಂದು ಗುಂಪಿನ ಪ್ರಕಾರ ಮನುಷ್ಯನ ಕಣ್ಣನ್ನು ನಂಬುವ ಕಾಲ ಮುಗಿಯಿತು. ಡ್ರೋನ್, ರೋಬಾಟ್, ಎಐ ತರಬೇಕು. ದಣಿವಿಲ್ಲ, ರಾತ್ರಿ ಪಾಳಿಯ ಗೊಣಗಾಟವಿಲ್ಲ. ವಾದದಲ್ಲಿ ಹುರುಳಿದೆ, ಸಾವಿರಾರು ಚಿತ್ರಗಳನ್ನು ಬೇಸರವಿಲ್ಲದೆ ನೋಡುವುದರಲ್ಲಿ ಯಂತ್ರವನ್ನು ಮೀರಿಸಲು ಆಗುವುದಿಲ್ಲ. ಆದರೆ ಮೆಂಫಿಸ್‌ನಲ್ಲಿ ಡ್ರೋನ್ ಬಿರುಕಿನ ಚಿತ್ರ ತೆಗೆದೇ ಇತ್ತು. ಚಿತ್ರ ಇತ್ತು, ನೋಡಿದವರಿಲ್ಲ. ಎಐಗೆ ಕಲಿಸಲು ನೂರಾರು ಬಿರುಕುಗಳ ಮಾದರಿ ಬೇಕು. ನಿಜವಾದ ಬಿರುಕುಗಳು ಅಪರೂಪ. ಸಿಕ್ಕವುಗಳ ದಾಖಲೆಯನ್ನು ಕಂಪನಿಗಳು ಹೊರಗೆ ಬಿಡುವುದಿಲ್ಲ. ಕೊನೆಗೆ ಸಹಿ ಹಾಕುವವರು ಯಾರು ಎಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ.

ಇನ್ನೊಂದು ಗುಂಪು ತರಬೇತಿಗೆ ಒತ್ತು ಕೊಡುತ್ತದೆ. ಐಎಸ್‌ಒ 9712 ಎಂಬ, ಎನ್‌ಡಿಟಿ ಕೆಲಸದವರ ಅರ್ಹತೆ ನಿಗದಿಪಡಿಸುವ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಮೂರು ಹಂತ ಇವೆ. ಮೊದಲ ಹಂತದವರು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ, ಎರಡನೆಯವರು ಫಲಿತಾಂಶ ಓದುತ್ತಾರೆ, ಮೂರನೆಯವರು ವಿಧಾನ ಬರೆಯುತ್ತಾರೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ಚೌಕಟ್ಟು ಚೆನ್ನಾಗಿದೆ, ಕೊರತೆ ಇರುವುದು ಅಭ್ಯಾಸಕ್ಕೆ ಬೇಕಾದ ತುಂಡುಗಳದ್ದು. ತರಬೇತಿಗೆ ಲೋಹದಲ್ಲಿ ಸಣ್ಣ ಕಚ್ಚು ಕೊರೆದು ಕೊಡುತ್ತಾರೆ. ಕಚ್ಚಿನ ಎರಡು ಮುಖಗಳ ನಡುವೆ ಜಾಗ ಇರುತ್ತದೆ, ಅಲೆ ಚೆನ್ನಾಗಿ ಮರಳುತ್ತದೆ. ನಿಜವಾದ ಬಿರುಕಿನ ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅಲೆಯ ಒಂದು ಪಾಲು ದಾಟಿಯೇ ಹೋಗುತ್ತದೆ. ಕಚ್ಚಿನಲ್ಲಿ ಪಾಸಾದವರು ಬಿರುಕಿನಲ್ಲಿ ಎಡವುತ್ತಾರೆ. ಲ್ಯಾಬಿನಲ್ಲಿ ನಿಜವಾದ ಬಿರುಕು ಬೆಳೆಸಲು ಲೋಹವನ್ನು ಲಕ್ಷಾಂತರ ಸಲ ಎಳೆದು ಬಿಡಬೇಕು. ಒಂದು ಚಿಕ್ಕ ತರಬೇತಿ ಕೇಂದ್ರಕ್ಕೆ ಅದು ಎಟುಕುವುದಿಲ್ಲ.

ನನ್ನ ಅಂದಾಜಿನಲ್ಲಿ ಸಾರ್ವಜನಿಕ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೇ: ಎಲ್ಲರೂ ಎರವಲು ಪಡೆಯಬಹುದಾದ ಬಿರುಕುಗಳ ಭಂಡಾರಕ್ಕೆ. ತಂತ್ರಜ್ಞರೂ ಅದರಿಂದಲೇ ಕಲಿಯಬೇಕು, ಎಐ ಕೂಡ. ಯಾವುದೇ ಒಂದು ಕಂಪನಿಗೆ ಇದರಲ್ಲಿ ಲಾಭವಿಲ್ಲ, ಆದ್ದರಿಂದಲೇ ಮಾರುಕಟ್ಟೆ ಇದನ್ನು ತಾನಾಗಿ ಕಟ್ಟುವುದಿಲ್ಲ. ಇದು ಆಗದ ಮಾತೂ ಅಲ್ಲ. 1988ರಲ್ಲಿ ಅಲೋಹಾ ಏರ್‌ಲೈನ್ಸ್‌ನ ಹಳೆಯ ವಿಮಾನದ ಮೇಲ್ಛಾವಣಿ ಹಾರಾಟದಲ್ಲೇ ಹಾರಿಹೋದ ನಂತರ ಅಮೆರಿಕ ಸರ್ಕಾರ 1991ರಲ್ಲಿ ಸ್ಯಾಂಡಿಯಾ ಲ್ಯಾಬ್‌ನಲ್ಲಿ ಇಂಥದೇ ಕೇಂದ್ರ ತೆರೆಯಿತು. ಅಲ್ಲಿ ನಿವೃತ್ತ ವಿಮಾನವನ್ನೇ ತಂದು ನಿಲ್ಲಿಸಿ, ಹೊಸ ವಿಧಾನಗಳು ನಿಜವಾಗಿ ಎಷ್ಟು ಹಿಡಿಯುತ್ತವೆ ಎಂದು ಅಳೆಯುತ್ತಾರೆ.

ಎಂಜಿನಿಯರಿಂಗ್ ಓದುವವರ ಕತೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ವಿನ್ಯಾಸ ಮಾಡುವವರಿಗೆ ಪರೀಕ್ಷೆಯ ಗಂಧ ಇಲ್ಲದಿದ್ದರೆ ಪ್ರೋಬ್ ತೂರದ ಸಂದಿಯಲ್ಲಿ ಬೆಸುಗೆ ಇಡುತ್ತಾರೆ. ಕರೋಲಾ ಸೇತುವೆಯ ಉಕ್ಕಿನ ತಂತಿಗಳು ಕಾಂಕ್ರೀಟಿನ ಆಳದಲ್ಲಿ, ಲೋಹದ ಕೊಳವೆಗಳ ಒಳಗಿದ್ದವು. ಕಟ್ಟುವಾಗ ಸೇರಿದ ತೇವ ದಶಕಗಳ ಕಾಲ ಅವುಗಳನ್ನು ಒಳಗೊಳಗೇ ಸೀಳಿತು. ಕಾಂಕ್ರೀಟಿನ ಒಳಗೆ ಇಣುಕಲು ಬಳಸುವ ರೇಡಾರ್ ಲೋಹದ ಕೊಳವೆ ದಾಟುವುದಿಲ್ಲ. ಹೊರಗಿನಿಂದ ನೋಡುವ ತಪಾಸಣೆಗೆ ಏನು ಕಾಣಬೇಕಿತ್ತು ಹೇಳಿ?

ಜನರಿಗೆ ಎಷ್ಟು ಹೇಳಬೇಕು?

ಅಲೋಹಾ ಅಪಘಾತದ ತನಿಖೆಯಲ್ಲಿ ಒಂದು ಪುಟ್ಟ ವಿವರ ಇದೆ. ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರಿಗೆ ವಿಮಾನದ ಮೈಮೇಲೆ ಉದ್ದಕ್ಕೆ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ. ಬಲ್ಲವರು ನೋಡಿಯೇ ಇರುತ್ತಾರೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ತಪಾಸಣೆಯ ವರದಿಗಳನ್ನು ಪೂರ್ತಿ ಪ್ರಕಟಿಸಬೇಕು ಎನ್ನುವವರ ವಾದ ಇಲ್ಲಿಂದ ಹುಟ್ಟುತ್ತದೆ. ವಿರೋಧಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. 'ಬಿರುಕು' ಎಂಬ ಪದ ಒಂದೇ ಸಾಕು, ಜನ ಗಾಬರಿಯಾಗುತ್ತಾರೆ. ಅಪಾಯವಿಲ್ಲದ ಗೀರಿಗೂ ಸೇತುವೆ ಮುಚ್ಚಿ ಎಂಬ ಒತ್ತಡ ಬರುತ್ತದೆ, ನಿಜವಾಗಿ ಕೆಟ್ಟಿರುವ ಇನ್ನೊಂದು ಸೇತುವೆಯ ದುಡ್ಡು ಇಲ್ಲಿ ಖರ್ಚಾಗುತ್ತದೆ. ಮುಚ್ಚಿಟ್ಟಾಗ ಆಗುವುದು ಬೇರೆ. ಪರೀಕ್ಷೆ ಮಾಡುವವರಿಗೆ ಸಂಬಳ ಕೊಡುವುದು ಸಾಮಾನ್ಯವಾಗಿ ಆ ವಸ್ತುವಿನ ಮಾಲೀಕರೇ. ದೋಷ ಸಿಕ್ಕರೆ ಮಾಲೀಕರಿಗೆ ನಷ್ಟ. ಹೊರಗಿನ ಕಣ್ಣಿಲ್ಲದಿದ್ದರೆ 'ಕಂಡುಬಂದಿಲ್ಲ' ಎಂಬ ಉತ್ತರದ ಕಡೆಗೇ ತಕ್ಕಡಿ ವಾಲುತ್ತದೆ. ನಡುದಾರಿಯೊಂದಿದೆ: ವರದಿಯ ಜೊತೆ ಅದರ ಮಿತಿಯನ್ನೂ ಸರಳ ಭಾಷೆಯಲ್ಲಿ ಬರೆಯುವುದು. ಯಾವ ಭಾಗ ನೋಡಿಲ್ಲ, ಎಷ್ಟು ಸಣ್ಣದು ಕಾಣುವುದಿಲ್ಲ, ಮತ್ತೆ ಯಾವಾಗ ನೋಡುತ್ತೇವೆ.

ಮುಂದೆ ಏನಾಗಬಹುದು?

ಎರಡನೇ ಮಹಾಯುದ್ಧದ ನಂತರ ಕಟ್ಟಿದ ಸೇತುವೆ, ಪೈಪ್‌ಲೈನ್, ಸ್ಥಾವರಗಳು ಹಲವು ದೇಶಗಳಲ್ಲಿ ಒಟ್ಟಿಗೇ ಮುದಿಯಾಗುತ್ತಿವೆ. ಆದ್ದರಿಂದ ಏನೂ ಬೀಳದೆ ಇದ್ದಾಗಲೂ ಮುಚ್ಚುವ ಸುದ್ದಿಗಳು ಜಾಸ್ತಿಯಾಗುತ್ತವೆ. 2025ರ ಮಾರ್ಚ್‌ನಲ್ಲಿ ಬರ್ಲಿನ್‌ನ ಎ100 ಹೆದ್ದಾರಿಯ ಸೇತುವೆಯೊಂದನ್ನು ಬಿರುಕು ದೊಡ್ಡದಾಯಿತು ಎಂದು ಮುಚ್ಚಿ, ಕೆಲವೇ ವಾರಗಳಲ್ಲಿ ಕೆಡವಿದರು. ಕರೋಲಾದಲ್ಲಿ ಉಳಿದ ಭಾಗಗಳಿಗೆ ಶಬ್ದ ಹಿಡಿಯುವ ಸೆನ್ಸರ್ ಅಂಟಿಸಿ, ಒಳಗೆ ತಂತಿ ಕಡಿಯುವ ಸದ್ದಿಗೆ ಕಿವಿಗೊಟ್ಟರು. ಹೀಗೆ ಸದಾ ಕೇಳಿಸಿಕೊಳ್ಳುವ ವ್ಯವಸ್ಥೆ ಹೆಚ್ಚಿದಂತೆ ಸುಳ್ಳು ಎಚ್ಚರಿಕೆಗಳೂ ಹೆಚ್ಚುತ್ತವೆ.

ಆಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದರ ಮೇಲೆ ಬಹಳ ನಿಂತಿದೆ. ಮುಚ್ಚಿದ ಸೇತುವೆಯಲ್ಲಿ ಕೊನೆಗೆ ಏನೂ ಸಿಗದಿದ್ದರೆ, ಸುಮ್ನೆ ಮೂರು ವಾರ ಟ್ರಾಫಿಕ್‌ನಲ್ಲಿ ಕೊಳೆಸಿದರು ಎಂದು ಬಯ್ಯುವುದು ಸುಲಭ. ಆ ಬೈಗುಳ ಮೇಲಿನವರಿಂದ ಇಳಿದು ಪ್ರೋಬ್ ಹಿಡಿದ ಕೈಯವರೆಗೆ ಬರುತ್ತದೆ. ಮುಂದಿನ ಸಲ ಸ್ಕ್ರೀನಿನಲ್ಲಿ ಸಣ್ಣ ಗೆರೆಯೊಂದು ಎದ್ದಾಗ, ಅದು ಬೆಸುಗೆಯ ಆಕಾರದಿಂದ ಬಂದ ಪ್ರತಿಧ್ವನಿ ಇರಬೇಕು ಎಂದು ಬರೆದು ಆ ಕೈ ಪ್ರೋಬನ್ನು ಮುಂದಕ್ಕೆ ಜರುಗಿಸಿಬಿಡುತ್ತದೆ.